ಕಾರಿದ್ದವರಿಗೆ ಮಾತ್ರ ಕಾಲುದಾರಿ

ಮಾನ್ಯ ಹಸಿರು ಬಡಾವಣೆ ವಿಭಾಗದ ಮುಖ್ಯಾಧಿಕಾರಿಗಳೇ,

ನಮ್ಮ ಬಡಾವಣೆಯ ಕೊನೆಯ ಬೀದಿಗೂ ಬಸ್ ನಿಲ್ದಾಣಕ್ಕೂ ನಡುವೆ ಮರಗಳ ಒಂದು ಪಟ್ಟಿ ಇದೆ. ಅದರೊಳಗಿನ ಕಾಲುದಾರಿಗೆ ತಾವು ಗೇಟು ಇಟ್ಟಿರಿ, ಗೇಟಿಗೆ ಬೀಗ ಹಾಕಿದಿರಿ, ಬೀಗ ತೆರೆಯಲು ಕಾರ್ಡು ಮಾಡಿಸಿದಿರಿ, ಆ ಕಾರ್ಡನ್ನು ಕಾರು ಇರುವವರಿಗೆ ಮಾತ್ರ ಕೊಡುತ್ತಿದ್ದೀರಿ. ದಯವಿಟ್ಟು ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಿ, ನಾನು ಕಾಯುತ್ತೇನೆ. ಕಾಯುವುದನ್ನು ತಾವೇ ನನಗೆ ಚೆನ್ನಾಗಿ ಕಲಿಸಿದ್ದೀರಿ. ನಡೆದು ಹೋಗುವ ದಾರಿಯ ಕಾರ್ಡು, ನಡೆಯುವ ದರ್ದೇ ಇಲ್ಲದವರ ಕಿಸೆಗೆ! ನಾಟಕದಲ್ಲಿ ಇಂಥ ದೃಶ್ಯ ಬಂದಿದ್ದರೆ ಹಿಂದಿನ ಬೆಂಚಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಯಾರೂ ನಗುತ್ತಿಲ್ಲ. ಯಾಕೆಂದರೆ ಆ ಬೀಗದ ದೆಸೆಯಿಂದ ಐವತ್ತಾರು ವರ್ಷದ ನನ್ನ ಹೆಂಡತಿ ದಿನಾ ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು, ಪಾದಚಾರಿಗೆ ಗೇಣು ಜಾಗವಿಲ್ಲದ ಹೊರವರ್ತುಲ ರಸ್ತೆಯ ಅಂಚಿನಲ್ಲಿ, ಲಾರಿಗಳ ಪಕ್ಕದಲ್ಲಿ, ಮೂರೂವರೆ ಕಿಲೋಮೀಟರು ನಡೆಯುತ್ತಿದ್ದಾಳೆ. ಮೊದಲು ಅವಳಿಗೆ ಬಸ್ಸು ಏಳು ನಿಮಿಷದ ದಾರಿಯಾಗಿತ್ತು.

ಇದು ಶುರುವಾದದ್ದು ನಿಮ್ಮ ವೇದಿಕೆಯ ಮೇಲೆಯೇ. ಎರಡು ವರ್ಷದ ಹಿಂದೆ ಸಮುದಾಯ ಭವನದಲ್ಲಿ ತಾವು ‘ಒಂದು ಮನೆ, ಒಂದು ತ್ಯಾಗ’ ಎಂಬ ಸಮಾರಂಭ ನಡೆಸಿದಿರಿ, ನೆನಪಿದೆಯೇ? ನಗರದ ಅಂಚಿನಲ್ಲಿ ಬದುಕುವ ನಾವು ಹಾಲಿಗೂ ಕಾರು, ಪತ್ರಿಕೆಗೂ ಕಾರು, ನಡಿಗೆಯ ವ್ಯಾಯಾಮಕ್ಕೆ ಹೋಗುವುದಕ್ಕೂ ಕಾರು ಹತ್ತುತ್ತೇವೆ ಎಂದು ತಾವು ಗದ್ಗದಿತರಾಗಿ ಹೇಳಿದಿರಿ. ನಾನು ನಾಟಕದ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವನ ಮಗ. ರಂಗದ ಪಕ್ಕದಲ್ಲೇ ಉಂಡು ಮಲಗಿ ಬೆಳೆದವನು. ವೇದಿಕೆ, ಬೆಳಕು, ಎದುರಿಗೆ ಮುನ್ನೂರು ಜನ ಕಂಡರೆ ನನ್ನ ಎದೆ ತಾನಾಗಿಯೇ ಎರಡು ಅಂಗುಲ ಮುಂದೆ ಬರುತ್ತದೆ. ಬಂತು. ಎದ್ದು ನಿಂತೆ. ‘ಈ ಕ್ಷಣದಿಂದ ನಮ್ಮ ಮನೆಯಲ್ಲಿ ಕಾರಿಲ್ಲ! ಅದು ನಿಲ್ಲುತ್ತಿದ್ದ ನೆಲದಲ್ಲಿ ಇನ್ನು ಮುಂದೆ ತರಕಾರಿ ಬೆಳೆಯುತ್ತದೆ!’ ಎಂದು ಮೈಕು ಬೇಡದ ಗಂಟಲಲ್ಲಿ ಗರ್ಜಿಸಿದೆ. ಭವನ ಚಪ್ಪಾಳೆಯಿಂದ ನಡುಗಿತು. ತಾವು ಇಳಿದು ಬಂದು ನನ್ನ ಕೈ ಕುಲುಕಿದಿರಿ, ‘ಹಸಿರು ಮನೆ’ ಎಂಬ ಫಲಕ ಕೊಟ್ಟಿರಿ, ನಮ್ಮ ನಿಲುಗಡೆ ಜಾಗದ ಸಂಖ್ಯೆಯನ್ನು ಅಲ್ಲೇ ಕಾಗದದ ಮೇಲೆ ಹಿಂದಕ್ಕೆ ಪಡೆದಿರಿ.

ಚಪ್ಪಾಳೆಯಲ್ಲಿ ಒಂದು ಸಣ್ಣ ವಿಷಯ ಯಾರ ಕಿವಿಗೂ ಬೀಳಲಿಲ್ಲ. ಆ ಕಾರು ಓಡಿಸುತ್ತಿದ್ದವಳು ನನ್ನ ಹೆಂಡತಿ. ನನಗೆ ಒಂದು ಕಣ್ಣು ಮಂಜು, ಲೈಸೆನ್ಸೇ ಇಲ್ಲ. ನಾನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಫ್ಯಾನು, ಮಿಕ್ಸಿ ರಿಪೇರಿ ಮಾಡುವವನು. ನನಗೆ ಹೊಸ್ತಿಲು ದಾಟುವ ಕೆಲಸವೇ ಇಲ್ಲ. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಹಾಸಿಗೆಯ ಹೊದಿಕೆ, ಶಸ್ತ್ರಚಿಕಿತ್ಸೆಯ ನಿಲುವಂಗಿ ಎಲ್ಲ ಅವಳ ಕಣ್ಣು ದಾಟಿಯೇ ವಾರ್ಡಿಗೆ ಹೋಗಬೇಕು. ಪಾಳಿ ಬೆಳಿಗ್ಗೆ ಆರೂವರೆಗೆ. ಅಂದರೆ ಕಾರು ಅವಳದು, ತ್ಯಾಗ ನನ್ನದು! ಮನೆಗೆ ಬರುವ ದಾರಿಯಲ್ಲಿ ಅವಳು ಹೇಳಿದ್ದು ಇಷ್ಟೇ: “ಡೈಲಾಗು ಚೆನ್ನಾಗಿತ್ತು ರೀ. ಒಂದು ಮಾತು ಕೇಳಿದ್ರೆ ಇನ್ನೂ ಚೆನ್ನಾಗಿರ್ತಿತ್ತು.”

ಆದರೂ ಒಪ್ಪಿಕೊಂಡಳು, ಸ್ವಾಮಿ. ನನ್ನ ಮುಖ ನೋಡಿ ಅಲ್ಲ, ಆ ಕಾಲುದಾರಿ ನೋಡಿ. “ಏಳು ನಿಮಿಷ ತಾನೇ, ನಡೀತೀನಿ ಬಿಡಿ. ದಿನಾ ಒಂದಷ್ಟು ಹೊಗೆಯಾದ್ರೂ ಕಮ್ಮಿ ಆಗತ್ತೆ,” ಅಂದಳು. ಕಾರು ಮಾರಿ ಒಂದು ವರ್ಷ ನಡೆದಳು ಕೂಡ. ಬೆಳಗಿನ ಐದೂ ನಲವತ್ತಕ್ಕೆ ಹೊರಟರೆ ಐದೂ ಐವತ್ತರ ಬಸ್ಸಿಗೆ ಉಸಿರು ಬಿಗಿಯದೆ ತಲುಪುತ್ತಿದ್ದಳು. ಯಾವ ಮರದ ಕೆಳಗೆ ಬೇರು ಎಡವುತ್ತದೆ, ಎಲ್ಲಿ ಕೆಸರು ನಿಲ್ಲುತ್ತದೆ, ಎಲ್ಲಾ ಕಾಲಿಗೆ ಬಾಯಿಪಾಠ. ಕಾರು ನಿಲ್ಲುತ್ತಿದ್ದಲ್ಲಿ ನಾನು ಬದನೆ, ಟೊಮೇಟೊ ಹಾಕಿದೆ. ಅಡುಗೆಮನೆಯ ಸಿಪ್ಪೆಯೆಲ್ಲ ಅಲ್ಲೇ ಗೊಬ್ಬರವಾಯಿತು. ನಾವು ಲೋಕವನ್ನೇನೂ ಉದ್ಧಾರ ಮಾಡುತ್ತಿರಲಿಲ್ಲ, ನಮ್ಮ ಪಾಲಿನ ಹೊಗೆಯನ್ನು ನಮ್ಮ ಕೈಯಲ್ಲಾದಷ್ಟು ಇಳಿಸಿದ್ದೆವು. ಸುಖವಾಗಿದ್ದೆವು.

ಆಗ ತಮಗೆ ಆ ಮರಗಳ ಮೇಲೆ ಪ್ರೀತಿ ಹುಟ್ಟಿತು.

‘ಸಂರಕ್ಷಿತ ಹಸಿರು ಪಟ್ಟಿ’ ಎಂಬ ಬೋರ್ಡು ಬಂತು. ತಂತಿಬೇಲಿ ಬಂತು. ‘ಅನಿಯಂತ್ರಿತ ಪಾದಚಾರದಿಂದ ಹುಲ್ಲಿಗೆ ಆಗುತ್ತಿರುವ ಹಾನಿಯನ್ನು ತಡೆಗಟ್ಟಲು’ ಎಂದು ತಮ್ಮ ಪ್ರಕಟಣೆ ಹೇಳಿತು. ಪಾದಚಾರದಿಂದ ಹಾನಿ! ಒಂದು ವರ್ಷ ಯಾವ ಪಾದಗಳಿಗೆ ಫಲಕ ಕೊಟ್ಟಿರೋ ಮರುವರ್ಷ ಅವೇ ಪಾದಗಳು ಅಪರಾಧಿಗಳು. ಆ ಹಸಿರನ್ನು ನೋಡಲು ಭಾನುವಾರ ಬರುವವರಿಗಾಗಿ ಪಟ್ಟಿಯ ಇನ್ನೊಂದು ತುದಿಯಲ್ಲಿ ಆರು ಮರ ಕಡಿದು ಇಪ್ಪತ್ತು ಕಾರು ನಿಲ್ಲುವ ಜಾಗ ಮಾಡಿದಿರಿ. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ನಾನು ಶಾಲೆಯಲ್ಲಿ ಓದಿದ್ದೆ. ಕಣ್ಣಾರೆ ನೋಡುವ ಭಾಗ್ಯ ತಮ್ಮಿಂದ ಬಂತು.

ನಿವಾಸಿಗಳು ಅರ್ಜಿ ಹಾಕಿದರೆ ಕಾರ್ಡು ಕೊಡುತ್ತೇವೆ ಅಂದಿರಿ. ಸಂತೋಷ. ಅರ್ಜಿ ತುಂಬಿಸಿ ತಮ್ಮ ಕಚೇರಿಯ ಮೂರನೇ ಕಿಟಕಿಗೆ ಹೋದೆ. ಅಲ್ಲಿ ಕೂರುವ ಮಹಿಳಾ ಗುಮಾಸ್ತರ ಬಗ್ಗೆ ನನಗೆ ದೂರಿಲ್ಲ. ಇಡೀ ಪ್ರಸಂಗದಲ್ಲಿ ನನ್ನ ಮುಖ ನೋಡಿ ಮಾತಾಡಿದ ಏಕೈಕ ಸರ್ಕಾರಿ ಜೀವ ಅವರು.

“ಸಾರ್, ಏಳನೇ ಖಾನೆ ಖಾಲಿ ಬಿಟ್ಟಿದೀರ.”

“ನಮ್ಮ ಹತ್ರ ಕಾರಿಲ್ಲ ಮೇಡಂ.”

“ಕಾರು ಯಾರು ಕೇಳಿದ್ರು ಸಾರ್? ಕಾರು ನಿಲ್ಸೋ ಜಾಗದ ನಂಬರ್ ಕೇಳ್ತಿರೋದು.”

“ಅದನ್ನ ನಿಮ್ಮೋರಿಗೇ ವಾಪಸ್ ಕೊಟ್ಟಿದೀನಿ. ಈಗ ಅಲ್ಲಿ ಬದನೆ ಗಿಡ ಇದೆ.”

ಅವರು ಕಂಪ್ಯೂಟರಿನಲ್ಲಿ ಏನೋ ಒತ್ತಿ ನೋಡಿದರು. “ಹಂಗಾದ್ರೆ ನಿಮ್ಮ ಮನೇನೇ ಪಟ್ಟೀಲಿ ಇಲ್ವಲ್ಲ ಸಾರ್.”

“ಇದೆ ಮೇಡಂ. ಬೆಳಿಗ್ಗೆ ಅಲ್ಲಿಂದಾನೇ ಹೊರಟು ಬಂದೆ.”

ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ನಮ್ಮ ಬಡಾವಣೆಯಲ್ಲಿ ಎರಡೆರಡು ಬೀದಿಗಳಿಗೆ ಒಂದೇ ಮನೆ ಸಂಖ್ಯೆಗಳಿವೆ. ಗೊಂದಲವಾಗಬಾರದೆಂದು ಯಾರೋ ಪುಣ್ಯಾತ್ಮರು ಮನೆಗಳ ಪಟ್ಟಿಯನ್ನು ನಿಲುಗಡೆ ಸಂಖ್ಯೆಯ ಮೇಲೆ ತಯಾರಿಸಿದ್ದಾರೆ. ನಿಲುಗಡೆ ಇಲ್ಲವೇ? ಮನೆ ಇಲ್ಲ. ಮನೆ ಇಲ್ಲವೇ? ನಿವಾಸಿಯಲ್ಲ. ನಿವಾಸಿಯಲ್ಲದವನಿಗೆ ಕಾರ್ಡು ಹೇಗೆ ಕೊಡುವುದು?

“ಸೊನ್ನೆ ಹಾಕಿ ನೋಡಿ ಮೇಡಂ.”

“ಹಾಕ್ದೆ ಸಾರ್. ತಗೊಳ್ತಾ ಇಲ್ಲ.” ಕಿಟಕಿಯ ಕಡೆ ಬಾಗಿ ದನಿ ತಗ್ಗಿಸಿದರು. “ಒಂದು ಕೆಲಸ ಮಾಡಿ ಸಾರ್. ಯಾವುದಾದ್ರೂ ಹಳೇ ಕಾರು ತಗೊಂಡ್ಬಿಡಿ. ಓಡಿಸ್ಬೇಡಿ, ಸುಮ್ನೆ ನಿಲ್ಸಿ. ನಂಬರ್ ಬರತ್ತೆ, ಕಾರ್ಡ್ ಬರತ್ತೆ, ಅಮ್ಮಾವ್ರು ಆರಾಮಾಗಿ ನಡ್ಕೊಂಡು ಹೋಗ್ಬಹುದು.”

ಅವರು ವ್ಯಂಗ್ಯವಾಡಲಿಲ್ಲ, ಮುಖ್ಯಾಧಿಕಾರಿಗಳೇ. ಅದೇ ಭಯಂಕರ. ಇರುವುದರಲ್ಲಿ ಬುದ್ಧಿವಂತ ಸಲಹೆ ಅದೊಂದೇ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು. ನಡೆಯಲು ಅರ್ಹತೆ ಪಡೆಯಲಿಕ್ಕೆ ಕಾರು ಕೊಳ್ಳಬೇಕು!

ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಗಳ ಮನೆಯಲ್ಲಿ ಮೂರು ಕಾರು. ಹಾಗಾಗಿ ಮೂರು ಕಾರ್ಡು, ಮೊಳೆಗೆ ನೇತು ಹಾಕಿದ್ದಾರೆ. ಕೇಳಿದೆ. “ಅಯ್ಯೋ ತಗೊಂಡ್ಹೋಗಿ ಅಣ್ಣಾ! ನಾನು ಆ ಕಡೆ ತಲೆ ಹಾಕೇ ವರ್ಷ ಆಯ್ತು,” ಎಂದು ತೆಗೆದುಕೊಟ್ಟರು. ನಾಲ್ಕು ದಿನ ನನ್ನ ಹೆಂಡತಿ ಮತ್ತೆ ಏಳು ನಿಮಿಷದಲ್ಲಿ ಬಸ್ಸು ಹತ್ತಿದಳು. ಐದನೇ ದಿನ ಗೇಟಿನಲ್ಲಿ ಕೆಂಪು ದೀಪ ಹತ್ತಿತು. ‘ನೋಂದಾಯಿತರಲ್ಲದ ವ್ಯಕ್ತಿ ಹಸಿರು ಪಟ್ಟಿಯನ್ನು ಪ್ರವೇಶಿಸಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ’ ಎಂದು ಕಾರ್ಯದರ್ಶಿಗಳಿಗೆ ತಮ್ಮ ನೋಟಿಸು ಬಂತು, ಮೂರೂ ಕಾರ್ಡು ರದ್ದು. ಪಾಪ, ಅವರು ನೋಟಿಸು ಹಿಡಿದು ನಮ್ಮ ಬಾಗಿಲಿಗೆ ಬಂದರು. “ನಂಗೇನೂ ಬೇಜಾರಿಲ್ಲ ಅಣ್ಣಾ. ಆದ್ರೆ ಇನ್ನೊಂದ್ಸಲ ಮಾತ್ರ ಕೇಳ್ಬೇಡಿ.” ನನ್ನ ಹಿಂದೆ ನಿಂತು ಹೆಂಡತಿ ಅಂದಳು: “ಇಪ್ಪತ್ತೆರಡು ವರ್ಷ ಆಸ್ಪತ್ರೆ ಬಟ್ಟೆ ಒಗಿಸ್ದೆ. ಈಗ ಹುಲ್ಲು ತುಳಿದ ಕಳ್ಳಿ ಆದೆ, ನೋಡಿ.”

ಉಳಿದದ್ದು ಹೊರವರ್ತುಲ ರಸ್ತೆ. ಆ ಹೊತ್ತಿಗೆ ಬಾಡಿಗೆ ಗಾಡಿ ಈ ಕಡೆ ಬರುವುದಿಲ್ಲ. ಸೈಕಲ್ ಅಂದೆ. “ನೀವು ಹೊಡೀರಿ, ನಾನು ಹಿಂದೆ ಕೂತು ಕಣ್ಣು ಮುಚ್ಕೋತೀನಿ,” ಅಂದಳು. ಆ ರಸ್ತೆಯಲ್ಲಿ ಬಿಳಿ ಗೆರೆಗೂ ಚರಂಡಿಗೂ ನಡುವೆ ಇರುವುದು ಒಂದು ಮೊಳ ಜಾಗ, ಅದರಲ್ಲೂ ಅರ್ಧ ಜಲ್ಲಿ. ಹದಿನೆಂಟು ದಿನಗಳ ಹಿಂದೆ ಒಂದು ಲಾರಿಯ ಕನ್ನಡಿ ಅವಳ ಹೆಗಲ ಚೀಲಕ್ಕೆ ಬಡಿದುಕೊಂಡು ಹೋಯಿತು. ಅವಳು ಚರಂಡಿಯ ಕಡೆಗೆ ಬಿದ್ದಳು. ರಸ್ತೆಯ ಕಡೆಗೆ ಬಿದ್ದಿದ್ದರೆ ಈ ಪತ್ರ ಬೇರೆ ಥರ ಇರುತ್ತಿತ್ತು. ಲಾರಿ ನಿಲ್ಲಲಿಲ್ಲ, ಚಾಲಕನಿಗೆ ಗೊತ್ತೂ ಆಗಿರಲಿಕ್ಕಿಲ್ಲ. ಅವಳು ಎದ್ದು, ಸೀರೆಯ ಮಣ್ಣು ಕೊಡವಿ, ಬಸ್ಸು ಹಿಡಿದು, ಪಾಳಿ ಮುಗಿಸಿ ಬಂದಳು. ಹೆಗಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ನಾನು ಅಂದು ಕೂಗಾಡಿದೆ, ತಮ್ಮನ್ನು ಬೈದೆ, ಬೇಲಿ ಕಿತ್ತು ಹಾಕುತ್ತೇನೆ ಅಂದೆ. ಅವಳು ಶಾಖ ಕೊಟ್ಟುಕೊಳ್ಳುತ್ತಾ ಕೂತಿದ್ದವಳು ಮೆಲ್ಲಗೆ ಅಂದಳು: “ರೀ, ನೀವು ಭೂಮಿ ಉಳಿಸಿ. ಬೇಡ ಅನ್ನಲ್ಲ. ನನ್ನನ್ನ ಯಾರು ಉಳಿಸ್ತಾರೆ ಅಂತ ಒಂಚೂರು ಕೇಳ್ಕೊಂಡು ಬನ್ನಿ.”

ಕೇಳಿಕೊಂಡು ಬರಲು ಹೋದೆ. ತಾವು ಸಭೆಯಲ್ಲಿದ್ದಿರಿ. ಮರುದಿನ ಪ್ರವಾಸದಲ್ಲಿದ್ದಿರಿ. ಮೂರನೆಯ ದಿನ ಇದ್ದಿರಿ, ಆದರೆ ಸಿಗಲಿಲ್ಲ. ಲಿಖಿತ ದೂರು ಕೊಟ್ಟೆ. ಹನ್ನೆರಡು ದಿನಕ್ಕೆ ಉತ್ತರ ಬಂತು. ಅಕ್ಷರಶಃ ಕೊಡುತ್ತೇನೆ: ‘ಸ್ಥಳ ಪರಿಶೀಲನೆ ನಡೆಸಲಾಗಿದೆ. ಬೀಗವು ಸುಸ್ಥಿತಿಯಲ್ಲಿ ಕಾರ್ಯನಿರ್ವಹಿಸುತ್ತಿದೆ. ದೂರು ಮುಕ್ತಾಯಗೊಳಿಸಲಾಗಿದೆ.’ ಜೊತೆಗೆ ಒಂದು ಕರಪತ್ರ: ‘ಕಾರು ಬಿಡಿ, ಕಾಲಿಗೆ ಕೆಲಸ ಕೊಡಿ.’ ನನ್ನ ಅಪ್ಪ ಪರದೆ ಎಳೆಯುತ್ತಿದ್ದ ಕಾಲದಲ್ಲಿ ಕೆಟ್ಟ ನಾಟಕಕ್ಕೆ ಜನ ಎದ್ದು ಹೋಗುತ್ತಿದ್ದರು, ಟಿಕೆಟ್ಟಿನ ದುಡ್ಡು ವಾಪಸ್ ಕೇಳುತ್ತಿದ್ದರು. ತಮ್ಮ ನಾಟಕದಿಂದ ಎದ್ದು ಎಲ್ಲಿಗೆ ಹೋಗಲಿ? ಮನೆ ಇಲ್ಲಿದೆ, ಕೆಲಸ ಅಲ್ಲಿದೆ, ನಡುವೆ ತಾವಿದ್ದೀರಿ.

ಅಂದು ವೇದಿಕೆ ಹತ್ತಿದವರು ನಾವು ಹನ್ನೊಂದು ಮನೆಯವರು. ಒಂಬತ್ತು ಮನೆಗೆ ಮತ್ತೆ ಕಾರು ಬಂದಿದೆ. ಹತ್ತನೆಯವರು ಬಡಾವಣೆಯನ್ನೇ ಬಿಟ್ಟುಹೋದರು. ಅವರೆಲ್ಲರನ್ನೂ ಹೇಡಿಗಳೆಂದು ನಾನು ಅಡ್ಡಾಡಿಕೊಂಡು ಹೇಳಿದ್ದುಂಟು. ಈಗ ಆ ಮಾತು ಹಿಂತೆಗೆದುಕೊಳ್ಳುತ್ತೇನೆ. ಒಳ್ಳೆಯತನವನ್ನು ಮನುಷ್ಯ ಎಷ್ಟು ಕಾಲ ಬೇಲಿಯ ಹೊರಗೆ ನಿಂತು ನಡೆಸಿಯಾನು? ನಿವೃತ್ತಿಗೆ ಅವಳಿಗಿನ್ನೂ ನಾಲ್ಕು ವರ್ಷ. ಕೆಲಸ ಬಿಡು ಎನ್ನಲು ನನಗೆ ಬಾಯಿಲ್ಲ. ಒಂದು ಸಲ ಅವಳನ್ನು ಕೇಳದೆ ಅವಳ ವಸ್ತುವನ್ನು ಬಿಟ್ಟುಕೊಟ್ಟವನು ನಾನು. ಮೊನ್ನೆ ಅವಳೇ ಹೇಳಿದಳು: “ತಿಂಗಳ ಕೊನೇವರೆಗೂ ನೋಡೋಣ. ಆಗ್ಲಿಲ್ಲ ಅಂದ್ರೆ ಗಿಡ ಕುಂಡಕ್ಕೆ ಹಾಕ್ಕೊಳ್ಳಿ. ಕಾರಿಗೆ ಜಾಗ ಖಾಲಿ ಮಾಡಿ.”

ಆದ್ದರಿಂದ ನನ್ನ ಬೇಡಿಕೆ. ಬೇಲಿ ತೆಗೆಯಿರಿ ಎನ್ನುವುದಿಲ್ಲ; ಅಷ್ಟು ಆಸೆ ಉಳಿದಿಲ್ಲ. ಮನೆಗಳ ಪಟ್ಟಿಯನ್ನು ತಿದ್ದಿ ಎನ್ನುವುದಿಲ್ಲ. ನಮ್ಮ ಆಯುಷ್ಯ ಸಾಲದು. ಬೆಳಿಗ್ಗೆ ಐದೂವರೆಯಿಂದ ಆರರವರೆಗೆ, ಅರ್ಧ ಗಂಟೆ, ಆ ಗೇಟನ್ನು ತೆರೆದಿಡಿ. ಒಬ್ಬ ಹೆಂಗಸು ಹುಲ್ಲಿನ ಮೇಲೆ ನಡೆದು ಹೋಗುತ್ತಾಳೆ. ಹುಲ್ಲು ಮತ್ತೆ ಎದ್ದು ನಿಲ್ಲುತ್ತದೆ. ಅದಕ್ಕೆ ಆ ಶಕ್ತಿ ಇದೆ. ತಿಂಗಳು ಮುಗಿಯಲು ಇನ್ನು ಒಂಬತ್ತು ದಿನಗಳಿವೆ.

ಅಲ್ಲಿಯವರೆಗೆ ನಾನೂ ಅವಳ ಜೊತೆ ಹೋಗುತ್ತಿದ್ದೇನೆ. ಬಸ್ಸು ಹತ್ತಿಸಿ ಒಬ್ಬನೇ ಹಿಂದಿರುಗುತ್ತೇನೆ. ನನಗೆ ಅಲ್ಲಿ ಕೆಲಸವಿಲ್ಲ, ಒಂದು ಕಣ್ಣೂ ಸರಿಯಿಲ್ಲ, ಲಾರಿಯನ್ನು ತಡೆಯುವ ತೋಳೂ ಅಲ್ಲ ಇದು. ಅವಳು ಚರಂಡಿಯ ಕಡೆ ನಡೆಯುತ್ತಾಳೆ. ನಾನು ರಸ್ತೆಯ ಕಡೆ.

ಇಂತಿ,
ತಮ್ಮ ಪಟ್ಟಿಯಲ್ಲಿಲ್ಲದ ಮನೆಯಲ್ಲಿ ವಾಸವಾಗಿರುವ,
ತಮ್ಮಿಂದಲೇ ಕೈ ಕುಲುಕಿಸಿಕೊಂಡ,
ಹನ್ನೊಂದನೆಯವನು