ನೀನು ಹೊಡೆದುಹಾಕಿದ ಸಿನಿಮಾ

ಅಕ್ಕಾ,

ಇವತ್ತು ನೀನು ಬೇಡ ಅಂದಿದ್ದ ಸಿನಿಮಾ ನೋಡಿ ಬಂದೆ. ನಾವಿಬ್ಬರೂ ನೋಡಬೇಕು ಅಂತ ಕ್ಯಾಲೆಂಡರಿನ ಹಿಂದೆ ಬರೆದಿಟ್ಟ ಪಟ್ಟಿಯಲ್ಲಿ ನೀನು ಹೊಡೆದುಹಾಕಿದ್ದು ಅದೊಂದನ್ನೇ. ನನ್ನನ್ನು ಬಿಟ್ಟು ಒಬ್ಬಳೇ ನೋಡಿ ಬಂದು, "ಥೂ, ಕೊನೆಗೆ ಅವಳು ಗಂಡನ ಮನೆಗೇ ವಾಪಸ್ ಹೋಗ್ತಾಳೆ ಕಣೇ, ನೋಡ್ಬೇಡ" ಅಂದಿದ್ದೆ. ಮರುವಾರ ನೀನೂ ವಾಪಸ್ ಹೋದೆ. ಆಮೇಲೆ ಆ ಮನೆಯಿಂದ ಬಂದದ್ದು ನಿನ್ನ ಸಾವಿನ ಸುದ್ದಿ.

ಆ ಸಿನಿಮಾ ಮತ್ತೆ ಬಂದಿದೆ. ಹೊಲಿಗೆ ಅಂಗಡಿಗೆ ರಜಾ ಹಾಕಿ ಹೋದೆ. ನೀನು ಹೇಳಿದ್ದು ಶುದ್ಧ ಸುಳ್ಳು! ಗಂಡ ಬಾಗಿಲಲ್ಲಿ ನಿಂತೇ ಇರ್ತಾನೆ, ಇವಳು ಬಸ್ ಹತ್ತಿಬಿಡ್ತಾಳೆ. ನಾನು ಅದನ್ನ ನೋಡಿದ್ದಿದ್ರೆ ನಿನ್ನನ್ನ ಹೋಗೋಕೆ ಬಿಡ್ತಿರಲಿಲ್ಲ. ನಿನಗದು ಗೊತ್ತಿತ್ತು.

ದೀಪ ಹತ್ತಿದರೂ ನಾನು ಏಳಲಿಲ್ಲ. ಕಸ ಗುಡಿಸೋಕೆ ಬಂದವಳನ್ನು ಕೇಳಿದೆ, "ಅವಳು ವಾಪಸ್ ಹೋಗಲ್ಲ ಅಲ್ವಾ?"

"ದಿನಾ ಮೂರಾಟ ನೋಡ್ತೀನಮ್ಮ, ಒಂದ್ಸಲಾನೂ ಹೋಗಿಲ್ಲ."

ಮನೆಗೆ ಬಂದರೆ ನನ್ನ ಗಂಡ ಕೂತಿದ್ದ. ನಿನ್ನ ಗಂಡನಿಗೆ ತಕ್ಕ ಷಡ್ಡಕ ಅವನು. ತವರಿಗೆ ಬಂದು ಕೂತಿರೋ ನನ್ನನ್ನ ಕರೆದೊಯ್ಯೋಕೆ ಬಂದಿದ್ದ. ಅಮ್ಮ ನನ್ನ ಬಟ್ಟೆಯನ್ನೂ ಮಡಚಿಟ್ಟಿದ್ದಳು.

"ಬರಲ್ಲ" ಅಂದೆ. ಅವನು ಎದ್ದು ಹೋದ.

"ಜನ ಏನಂತಾರೆ?" ಅಂದಳು ಅಮ್ಮ.

"ಅಕ್ಕನಿಗೂ ನೀನು ಇದನ್ನೇ ಹೇಳಿದ್ದೆ."



ಪಟ್ಟಿಯಲ್ಲಿ ಉಳಿದಿರೋದನ್ನೆಲ್ಲ ಒಂದೂ ಬಿಡದೆ ನೋಡ್ತೀನಿ. ಆದರೆ ಇದನ್ನೇ ಮತ್ತೆ ಎಲ್ಲಕ್ಕಿಂತ ಮೇಲೆ ಬರೆದಿದ್ದೀನಿ. ಭಾನುವಾರ ಅಮ್ಮನನ್ನ ಕರ್ಕೊಂಡು ಹೋಗ್ತೀನಿ. ಒಲ್ಲೆ ಅಂದರೆ ಎಳೆದುಕೊಂಡಾದರೂ ಹೋಗ್ತೀನಿ.

ನಿನ್ನ ತಂಗಿ