ನಾಲ್ಕು ಬರೆದ ಮರ

ಆಲೆಂತೆಜು, ಪೋರ್ಚುಗಲ್
ಜುಲೈ 2004

ಲಿಥುವೇನಿಯಾದ ಪಂಚಾಯಿತಿ ಅಧ್ಯಕ್ಷರಾದ ಆಲ್ಬಿನಾಸ್ ಅವರಿಗೆ ನಮಸ್ಕಾರ.

ಯುರೋಪ್ ಒಕ್ಕೂಟಕ್ಕೆ ಹೊಸದಾಗಿ ಸೇರಿದ್ದೇವೆ, ಅದರ ನೆರವು ಬಂದರೆ ಮೊದಲು ಏನು ಮಾಡಿಸಬೇಕು ಎಂದು ಕೇಳಿದ್ದೀರಿ. ನಿಮ್ಮ ಪತ್ರವನ್ನು ಹೋಟೆಲಿನಲ್ಲಿ ಎಲ್ಲರಿಗೂ ಓದಿ ಹೇಳಿದೆ.

"ನಮ್ ಪಾಲು ಕಿತ್ಕೊಂಡೋರಿಗೆ ಬುದ್ಧಿ ಬೇರೆ ಹೇಳ್ಕೊಡ್ಬೇಕಾ?" ಎಂದ ಮರದ ತೊಗಟೆ ಸುಲಿಯುವ ಝೆಫೆರಿನು. ನೀವು ಸೇರಿದ ಮೇಲೆ ನಮಗೆ ಬರುವ ನೆರವು ಕಡಿಮೆಯಾಗುತ್ತದೆಂದು ಅವನಿಗೆ ಸಿಟ್ಟು.

"ನಿನ್ ಮನೆ ನಲ್ಲೀಲಿ ನೀರು ಬಂದಿದ್ದು ಒಕ್ಕೂಟದ ದುಡ್ಡಲ್ಲೋ, ನಿಮ್ಮಪ್ಪನ ದುಡ್ಡಲ್ಲೋ?" ಎಂದೆ.

ನಮ್ಮ ತಪ್ಪನ್ನೇ ಹೇಳುತ್ತೇನೆ. ಬಂದ ನೆರವಿನಲ್ಲಿ ನಾವು ಕಾರಂಜಿಯನ್ನೂ ಕಟ್ಟಿಸಿದೆವು. ನೋಡುವವರನ್ನು ಕರೆತರಲು ಬಸ್ಸೇ ಇಲ್ಲ. ನೀವು ಮೊದಲು ಬಸ್ಸು ಕೇಳಿ.

ಬಾಟಲಿ ಬಿರಡೆಗೆಂದು ತೊಗಟೆ ಸುಲಿದ ಮರದ ಮೇಲೆ ನಾವು ಆ ವರ್ಷದ ಕೊನೆಯ ಅಂಕಿ ಬರೆಯುತ್ತೇವೆ. ಒಂಬತ್ತು ವರ್ಷ ಅದನ್ನು ಮತ್ತೆ ಸುಲಿಯುವಂತಿಲ್ಲ. ನಿನ್ನೆ ಕಾರಂಜಿ ಪಕ್ಕದ ಮರಕ್ಕೆ ಝೆಫೆರಿನು ನಾಲ್ಕು ಬರೆದ.

"ಇದನ್ನ ಮತ್ತೆ ಸುಲಿಯೋ ವರ್ಷ ಅವ್ರನ್ನೂ ಕರೀಬೇಕಮ್ಮ. ನಮ್ ಪಾಲಲ್ಲಿ ಏನ್ ಮಾಡಿದ್ರು ಕೇಳೋಣ. ಊಟ ನಂದೇ" ಎಂದ.

ತಪ್ಪದೆ ಬನ್ನಿ, ಬಸ್ಸಿನಲ್ಲೇ ಬನ್ನಿ. ಅಷ್ಟರಲ್ಲಿ ನಮ್ಮೂರಿಗೂ ಬಂದಿರುತ್ತದೆ.

ನಿಮ್ಮ ದಾರಿ ಕಾಯುವ,
ದೆವೊಲಿಂದಾ
ಗ್ರಾಮಸಭೆಯ ಕಾರ್ಯದರ್ಶಿ