ಎಂಜಿನ್ನಿನ ಕೆಳಗೆ ಆರು ನಿಂಬೆಹಣ್ಣು

ವೆಸ್ಟೆರಾಸ್, ಸ್ವೀಡನ್
೮ ಅಕ್ಟೋಬರ್ ೨೦೦೬

ನನ್ನ ಪ್ರೀತಿಯ ಅಪ್ಪಾ,

ಇಷ್ಟು ದೂರದಿಂದಲೇ ನಿಮ್ಮ ಪಾದ ಮುಟ್ಟಿದ್ದೇನೆ ಎಂದುಕೊಳ್ಳಿ. ಮೊಣಕಾಲು ನೋವು ಹೇಗಿದೆ? ಕಣ್ಣಿನ ಪೊರೆ ತೆಗೆಸಲು ಒಪ್ಪಿದಿರಂತೆ, ನಿಮ್ಮ ಸೊಸೆ ಜಾನಕಿ ವೈನಿ ಫೋನಿನಲ್ಲಿ ಹೇಳಿದಳು, ಕೇಳಿ ಸಮಾಧಾನವಾಯಿತು. ಎಂಜಿನ್ನಿನ ಸೀಟಿ ತಿಂದುಹಾಕಿದ ಎಡಗಿವಿಗೆ ಏನೂ ಮಾಡಲಾಗದಿದ್ದರೂ ಬಲಗಿವಿಯನ್ನಾದರೂ ಚಳಿಗಾಳಿಯಿಂದ ಕಾಪಾಡಿಕೊಳ್ಳಿ. ಮಫ್ಲರ್ ಕಳಿಸಿದ್ದು ಪೆಟ್ಟಿಗೆಯಲ್ಲಿ ಇಡುವುದಕ್ಕಲ್ಲ. ಕಣ್ಣು ಸರಿಹೋಗುವ ತನಕ ವೈನಿಯೇ ಈ ಪತ್ರ ಓದಿ ಹೇಳಲಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಬರಹ, ತಪ್ಪಿದ್ದಲ್ಲಿ ಅವಳೇ ತಿದ್ದಿಕೊಳ್ಳಲಿ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ, ಕಾಗದದ ಮುಂದೆ ಅಷ್ಟು ನಾಚಿಕೆಯಿಲ್ಲ. ಅದು ನಿಮಗೆ ಗೊತ್ತಿದ್ದದ್ದೇ.

ನಾವಿಬ್ಬರೂ ಚೆನ್ನಾಗಿದ್ದೇವೆ. ಇಲ್ಲಿ ಬರ್ಚ್ ಮರಗಳ ಎಲೆಗಳೆಲ್ಲ ಅರಿಸಿನವಾಗಿ ಉದುರುತ್ತಿವೆ. ಸ್ವೀಡಿಷ್ ಕ್ಲಾಸಿನಲ್ಲಿ ನಾನು ಹಿಂದಿನ ಬೆಂಚು. ಮಧ್ಯದಲ್ಲಿ ಎಲ್ಲರೂ ಕಾಫಿ, ಬನ್ನು ಹಿಡಿದು ಕೂರುತ್ತಾರೆ, ಅದಕ್ಕೆ ಫೀಕಾ ಅನ್ನುತ್ತಾರೆ. ಆ ಒಂದು ಪಾಠ ಮಾತ್ರ ನನಗೆ ಬೇಗ ಬಂತು.

ಅಪ್ಪಾ, ಹೋದ ಭಾನುವಾರ ಆಯುಧ ಪೂಜೆಯ ದಿನ ನಾನು ಉಗಿಬಂಡಿ ಹತ್ತಿದೆ! ಕರೆದುಕೊಂಡು ಹೋದವರು ನಿಮ್ಮ ಅಳಿಯ. ಸಿಟ್ಟಾಗದೆ ಪೂರ್ತಿ ಕೇಳಿ. ನಮ್ಮ ಮದುವೆ ಊಟದಲ್ಲಿ ಇವರು ‘ಮಾವಾ, ನೂರು ಬುಟ್ಟಿ ಕಲ್ಲಿದ್ದಲು ಹಾಕಿದ್ರೆ ತೊಂಬತ್ತಕ್ಕೂ ಮೇಲೆ ಚಿಮಣಿಯಾಗೇ ಹೋಗುತ್ತೆ, ಕರೆಂಟಿನ ಎಂಜಿನ್ ಹಂಗಲ್ಲ’ ಅಂದದ್ದು, ನೀವು ‘ಚಿಮಣಿಯಾಗ ಹೋದದ್ದು ಬರೇ ಹೊಗಿ ಅಲ್ಲಪಾ, ನನ್ನ ಆಯುಷ್ಯ’ ಎಂದು ಹೋಳಿಗೆ ಬಿಟ್ಟು ಎದ್ದದ್ದು, ಯಾವುದನ್ನೂ ನಾನು ಮರೆತಿಲ್ಲ. ಆವತ್ತಿನಿಂದ ಇವರು ಫೋನಿಗೆ ಬಂದರೆ ‘ಏನೂ ಕೇಳಸ್ವಲ್ದು’ ಎಂದು ನೀವು ವೈನಿಯ ಕೈಗೆ ಕೊಟ್ಟುಬಿಡುತ್ತೀರಿ. ಇವರೂ ಬಿಗಿ ಮನುಷ್ಯರು, ಕರೆಂಟಿನ ಎಂಜಿನ್ನಿಗೆ ಮೋಟಾರು ಮಾಡುವ ಕಂಪನಿಯ ಕೆಲಸ ಬೇರೆ. ನಡುವೆ ನಾನು, ಎರಡು ಡಬ್ಬಿಗಳ ನಡುವಿನ ಕೊಂಡಿಯ ಹಾಗೆ.

ಓರೆಬ್ರೂ ಊರಿನ ಆಚೆ ಹಳೇ ರೈಲುಗಳನ್ನು ಜೋಪಾನ ಮಾಡುವ ಒಂದು ಸಂಘವಿದೆ. ಅಲ್ಲಿ ನಿಂತಿದ್ದ ಎಂಜಿನ್ ನೋಡಿ ನನಗೆ ನೀವು ಓಡಿಸುತ್ತಿದ್ದ ವೈಪಿ ಎಂಜಿನ್ನಿನ ನೆನಪಾಯಿತು. ಅದರ ಹಾಗೆಯೇ ಬದಿಗೆ ಮೂರು ಮೂರು ದೊಡ್ಡ ಚಕ್ರ, ಆದರೆ ಒಂದೊಂದೂ ನನ್ನ ತಲೆಗಿಂತ ಎತ್ತರ. ನಿಮ್ಮದಕ್ಕೆ ಎರಡು ಸಿಲಿಂಡರು, ಇದಕ್ಕೆ ನಾಲ್ಕು. ಒಮ್ಮೆ ದುಡಿದ ಹಬೆಯನ್ನು ಹೊರಗೆ ಬಿಡದೆ, ಪಕ್ಕದ ದೊಡ್ಡ ಸಿಲಿಂಡರಿಗೆ ಕಳಿಸಿ ಮತ್ತೊಮ್ಮೆ ದುಡಿಸುತ್ತಾರಂತೆ. ಅದಕ್ಕೇ ಉಸಿರು ಮೆತ್ತಗೆ, ನಿಮ್ಮದರ ಹಾಗೆ ಓಣಿಯನ್ನೆಲ್ಲ ಎಬ್ಬಿಸುವುದಿಲ್ಲ. ಈ ದೇಶದ ಸರ್ಕಾರಿ ರೈಲಿನವರು ಎಕ್ಸ್‌ಪ್ರೆಸ್ ಗಾಡಿಗೆಂದೇ ಕಟ್ಟಿಸಿದ ಜಾತಿಯಂತೆ. ಹಳಿಯ ಮೇಲೆ ತಂತಿ ಬಂದ ಮೇಲೆ ಆ ಜಾತಿಯ ಎಂಜಿನ್ನುಗಳನ್ನು ಪಕ್ಕದ ಡೆನ್ಮಾರ್ಕಿಗೆ ಮಾರಿಬಿಟ್ಟರಂತೆ, ಇದು ವಯಸ್ಸಾದ ಮೇಲೆ ಹಿಂದಿರುಗಿ ಬಂದದ್ದಂತೆ. ಇದನ್ನು ಕೇಳಿ ಇವರು ಎಂಜಿನ್ನಿಗೆ ಒಂದು ಸುತ್ತು ಬಂದರು. ಆಮೇಲೆ ‘ಇದನ್ನೂ ನಮ್ಮ ಕರೆಂಟಿನೋರೇ ದೇಶ ಬಿಟ್ಟು ಓಡಿಸಿದ್ದು ಕಣೇ ಇಂದೂ’ ಅಂದರು.

ಪೂಜೆಯ ವಿಚಾರ ಇವರದೇ. ಮನೆಯಿಂದ ಅರಿಸಿನ, ಕುಂಕುಮ, ಆರು ನಿಂಬೆಹಣ್ಣು ಕಟ್ಟಿಕೊಂಡು ಬಂದಿದ್ದರು. ಪ್ರತಿ ವರ್ಷ ಹುಬ್ಬಳ್ಳಿ ಶೆಡ್ಡಿನಲ್ಲಿ ನೀವು ಮಾಡುತ್ತಿದ್ದುದನ್ನು ನಾನು ಹೇಳಿದ್ದೆ, ಅಷ್ಟನ್ನೂ ನೆನಪಿಟ್ಟಿದ್ದರು. ಡ್ರೈವರ್ ಗುನ್ನಾರ್ ಅಜ್ಜನ ಅಪ್ಪಣೆ ಕೇಳಿ ಎಂಜಿನ್ನಿನ ಮೂತಿಯ ಬಫರಿಗೆ ಕುಂಕುಮವಿಟ್ಟು, ಮಂಡಿಯೂರಿ ಒಂದೊಂದು ಚಕ್ರದ ಮುಂದೆ ಒಂದೊಂದು ಹಣ್ಣು ಇಟ್ಟರು. ಅಜ್ಜ ಟೋಪಿ ತೆಗೆದು ಏನೋ ಕೇಳಿದರು. ‘ಎಂಜಿನ್ನಿಗೆ ಊಟವಾ ಅಂತಾರೆ’ ಎಂದು ಇವರು ನನಗೆ ಹೇಳಿದರು. ದೃಷ್ಟಿ ಅನ್ನುವುದಕ್ಕೆ ಸ್ವೀಡಿಷ್ ಮಾತು ಗೊತ್ತಿಲ್ಲದೆ ‘ಇದರ ಆರೋಗ್ಯಕ್ಕೆ’ ಎಂದು ಉತ್ತರ ಕೊಟ್ಟರಂತೆ.

ನಾವು ಹತ್ತಿ ಬಾಗಿಲಿಂದ ಬಗ್ಗಿ ನೋಡುತ್ತಿದ್ದೆವು. ಸೀಟಿ ಆಯಿತು, ಹಣ್ಣುಗಳು ಪಚಕ್ಕೆಂದವು. ಅಷ್ಟೇ ಅಪ್ಪಾ! ಗಾಡಿ ಒಂದು ಮಾರು ಮುಂದೆ ಹೋಗಿ ನಿಂತಿತು, ಚಕ್ರಗಳು ಮಾತ್ರ ಇದ್ದಲ್ಲೇ ಗಿರಗಿರನೆ ತಿರುಗಿದವು, ಚಿಮಣಿ ಬುಸುಗುಟ್ಟಿತು. ನಿಂಬೆರಸಕ್ಕೇ ಜಾರಿತೆಂದು ಇವರು ಗಾಬರಿಯಾದರು. ಗುನ್ನಾರ್ ಅಜ್ಜ ಹಬೆ ನಿಲ್ಲಿಸಿ, ಚಕ್ರಕ್ಕೆ ಹಿಡಿತ ಸಿಗಲೆಂದು ಹಳಿಗೆ ಮರಳು ಬಿಟ್ಟು, ಎಳೆಗರುವನ್ನು ನಡೆಸಿದ ಹಾಗೆ ಮೆಲ್ಲಗೆ ಹೊರಡಿಸಿದರು. ದಾರಿಯುದ್ದಕ್ಕೂ ಇವರು ದಾಲ್ಚಿನ್ನಿ ಬನ್ನು ಮುಟ್ಟಲಿಲ್ಲ. ‘ಪೂಜೆ ಮಾಡಕ್ಕೆ ಹೋಗಿ ಗಾಡಿ ಕೆಡಿಸ್ತಿದ್ನಲ್ಲೇ’ ಎಂದು ಒಂದೇ ಸಮನೆ ಅನ್ನುತ್ತಿದ್ದರು. ಇಳಿದ ಮೇಲೆ ಕ್ಷಮೆ ಕೇಳಿದರೆ, ಅಜ್ಜ ಹಳಿಗೆ ಅಂಟಿದ್ದ ಒದ್ದೆ ಎಲೆ ತೋರಿಸಿ, ಜಾರಿಸಿದ್ದು ಇದು ಎಂದು ಹೊಟ್ಟೆ ಹಿಡಿದು ನಕ್ಕರು. ಆದರೂ ಇವರಿಗೆ ನಂಬಿಕೆಯಿಲ್ಲ. ವಾರವೆಲ್ಲ ಜಾರುವುದರ ಲೆಕ್ಕ ಬರೆದು ಬರೆದು ನಿನ್ನೆ ಪೆನ್ನು ಕೆಳಗಿಟ್ಟರು. ‘ಎಲೆನೋ ನಿಂಬೆನೋ ನನ್ನ ಲೆಕ್ಕಕ್ಕೆ ಸಿಗಲ್ಲ. ಮಾವನ್ನೇ ಕೇಳ್ಬೇಕು. ಅವ್ರು ವರ್ಷಾ ವರ್ಷಾ ನಿಂಬೆ ಮೇಲೇ ಮೇಲ್ ಗಾಡಿ ಹೊರಡಿಸ್ತಿದ್ರಲ್ಲ’ ಅಂದರು. ಸ್ವಲ್ಪ ತಡೆದು, ‘ಆವತ್ತು ಊಟದಾಗೆ ಹಂಗೆ ಅನ್ನಬಾರದಿತ್ತು’ ಅಂತಲೂ ಅಂದರು. ನಾನು ಪಾತ್ರೆ ತೊಳೆಯುತ್ತಿದ್ದೆ. ನಲ್ಲಿಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ಇದ್ದುಬಿಟ್ಟೆ, ಮತ್ತೆ ಹೇಳಿಸಿದರೆ ಅವರ ಮುಖ ಸಣ್ಣದಾಗುತ್ತದೆ.

ವೈನಿಗೆ, ಅಣ್ಣನಿಗೆ ನನ್ನ ನೆನಪು ಹೇಳಿ. ಪಕ್ಕದ ಮನೆ ಲೀಲಾವತಿ ಕಾಕೂಗೆ ನಾನು ಉಗಿಬಂಡಿ ಹತ್ತಿದ್ದನ್ನು ತಪ್ಪದೆ ತಿಳಿಸಿ. ನೀವು ನಗುನಗುತ್ತಾ ಇದ್ದರೆ ನನಗೆ ಇಲ್ಲಿ ಚಳಿ ಗೊತ್ತಾಗುವುದಿಲ್ಲ.

ನಿಮ್ಮ ಮಗಳು,
ಇಂದುಮತಿ

ಮರೆತಿದ್ದೆ: ವೈನೀ, ಇದನ್ನು ಅಪ್ಪನಿಗೆ ಕೇಳಿಸುವ ಹಾಗೆ ಜೋರಾಗಿ ಓದು. ದೀಪಾವಳಿಯ ದಿನ ಸಂಜೆ ಇವರೇ ಫೋನ್ ಮಾಡುತ್ತಾರೆ, ನಿಂಬೆಹಣ್ಣಿನ ವಿಷಯ ಕೇಳಲು. ಬೈಯಬೇಕೆನಿಸಿದರೆ ಬೈಯಿರಿ ಅಪ್ಪಾ, ತಡೆದುಕೊಳ್ಳುತ್ತಾರೆ. ಆದರೆ ಇವರ ದನಿ ಬಂದ ಕೂಡಲೇ ಫೋನನ್ನು ಎಡಗಿವಿಗೆ ಬದಲಾಯಿಸುತ್ತೀರೆಂದು ವೈನಿ ನನಗೆ ಯಾವಾಗಲೋ ಹೇಳಿದ್ದಾಳೆ. ಅವತ್ತೊಂದು ದಿನ ಬಲಗಿವಿಗೇ ಇಟ್ಟುಕೊಳ್ಳಿ.